ಸೈಕಲ್ಲಿನ ತೂಕ ಎಲ್ಲಿದೆ?

ಆಳಂದ ತಾಲೂಕಿನ ಮಾದನಹಿಪ್ಪರಗಾ ಕಡೆಯ ಹುಡುಗರು ಸೈಕಲ್ಲಿನ ಬಗ್ಗೆ ಕೇಳುವ ಪ್ರಶ್ನೆ ಈಗ ಬದಲಾಗಿದೆ. ಮೊದಲು ಯಾವ ಕಂಪನಿಯ ಸೈಕಲ್ ಗಟ್ಟಿ, ಕ್ಯಾರಿಯರ್ ಮೇಲೆ ಎಷ್ಟು ಚೀಲ ತಡೆಯುತ್ತದೆ ಎಂದು ಕೇಳುತ್ತಿದ್ದರು. ಈಗ ಸೊಲ್ಲಾಪುರದಿಂದಲೋ ವಿಜಯಪುರದಿಂದಲೋ ಕೈಬದಲಾದ ರೇಸ್ ಸೈಕಲ್ಲೊಂದು ಊರಿಗೆ ಬಂತೆಂದರೆ ಅದನ್ನು ಒಂದು ಬೆರಳಿನಿಂದ ಎತ್ತಿ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: ‘ಸರ, ಇದರ ಬೋಲ್ಟ್ ಎಲ್ಲಾ ತಗದು ಟೈಟೇನಿಯಮ್ ಬೋಲ್ಟ್ ಹಾಕಿದ್ರ ಎಷ್ಟು ಹಗುರ ಆಗ್ತದ್ರಿ?’

ಈ ಪ್ರಶ್ನೆ ನನಗೆ ಬಹಳ ಹಿಡಿಸುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ಸ್ಪರ್ಧೆಗೆ ತವರುಮನೆ. ಅಲ್ಲಿಯ ರೈತಾಪಿ ಮನೆಗಳ ಮಕ್ಕಳು ಕ್ರೀಡಾನಿಲಯಗಳಲ್ಲಿ ಪಳಗಿ ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಆ ಹಂಬಲ ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರಿಗೂ ತಾಗಿದ್ದರೆ ಅದು ಸಂತೋಷದ ಮಾತು. ಆದ್ದರಿಂದ ಅವರ ಪ್ರಶ್ನೆಗೆ ತಕ್ಕಡಿ ಹಿಡಿದೇ ಉತ್ತರ ಹೇಳಬೇಕು. ಹುಡುಗರು ಕೂಡಿಟ್ಟ ಹಣ ಎಲ್ಲಿಗೆ ಹೋಗಬೇಕು ಎಂಬುದು ಆ ಉತ್ತರದ ಮೇಲೆ ನಿಂತಿದೆ.

ಮೊದಲು ಲೋಹದ ಲೆಕ್ಕ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಟೈಟೇನಿಯಮ್ ಸುಮಾರು 4.5 ಗ್ರಾಂ, ಅಲ್ಯುಮಿನಿಯಮ್ 2.7 ಗ್ರಾಂ. ಅಂದರೆ ನಾಲ್ಕು ಗ್ರಾಂ ತೂಗುವ ಉಕ್ಕಿನ ಬೋಲ್ಟನ್ನೇ ಅಚ್ಚುಕಟ್ಟಾಗಿ ಟೈಟೇನಿಯಮ್ಮಿನಲ್ಲಿ ಮಾಡಿಸಿದರೆ ಅದು 2.3 ಗ್ರಾಂ ಆಗುತ್ತದೆ. ರೇಸ್ ಸೈಕಲ್ಲಿನಲ್ಲಿ ಇಂಥ ಮೂವತ್ತು ಬೋಲ್ಟು ಬದಲಿಸಿದಿರಿ ಎಂದು ಹಿಡಿಯೋಣ. 120 ಗ್ರಾಂ ಇದ್ದದ್ದು 70 ಗ್ರಾಮಿಗೆ ಇಳಿಯಿತು, ಉಳಿದದ್ದು 50 ಗ್ರಾಂ. ಒಂದೊಂದು ಟೈಟೇನಿಯಮ್ ಬೋಲ್ಟಿಗೆ ನೂರಾರು ರೂಪಾಯಿ. ಮೂವತ್ತಕ್ಕೆ ಎಷ್ಟಾಯಿತು ಎಂದು ನೀವೇ ಗುಣಿಸಿ ನೋಡಿ.

ಆ 50 ಗ್ರಾಂ ಓಟದಲ್ಲಿ ಏನು ಕೊಡುತ್ತದೆ? ತೂಕ ಹೆಚ್ಚು ಕಾಡುವುದು ಏರಿನಲ್ಲಿ. ಬೆಂಗಳೂರಿನ ಸೈಕಲ್ ಸವಾರರು ತಮ್ಮ ಕಸುವು ಅಳೆದುಕೊಳ್ಳುವುದು ನಂದಿಬೆಟ್ಟದ ದಾರಿಯಲ್ಲಿ. ಏಳೆಂಟು ಕಿಲೋಮೀಟರಿನಲ್ಲಿ ನಾನೂರು ಮೀಟರಿಗೂ ಮೇಲೆ ಏರುವ ದಾರಿ ಅದು. ಅರವತ್ತು ಕಿಲೋ ತೂಕದ ಸವಾರ, ಅವನ ಸೈಕಲ್ಲು, ಬೂಟು, ನೀರು ಎಲ್ಲ ಸೇರಿ ಎಪ್ಪತ್ತು ಕಿಲೋ ಅಂದುಕೊಳ್ಳಿ. 50 ಗ್ರಾಂ ಅಂದರೆ ಅದರಲ್ಲಿ 1400ರಲ್ಲಿ ಒಂದು ಪಾಲು. ಅವನು ಇಪ್ಪತ್ತೈದು ನಿಮಿಷದಲ್ಲಿ ಮೇಲೆ ಹತ್ತುವವನಾದರೆ ಮೂವತ್ತು ಟೈಟೇನಿಯಮ್ ಬೋಲ್ಟುಗಳಿಂದ ಉಳಿಯುವುದು ಸುಮಾರು ಒಂದು ಸೆಕೆಂಡು. ಅರ್ಧ ಲೀಟರ್ ನೀರು ಕಡಿಮೆ ಹೊತ್ತರೆ ಅದರ ಹತ್ತು ಪಟ್ಟು ಉಳಿಯುತ್ತದೆ. ಆದರೆ ನಮ್ಮ ಬಿಸಿಲಿನಲ್ಲಿ ಸವಾರಿ ಮಾಡುವವರು ನೀರನ್ನು ಮಾತ್ರ ಕಡಿಮೆ ಮಾಡಬಾರದು.

ಒಂದು ಸೆಕೆಂಡು ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ಜಗತ್ತಿನ ದೊಡ್ಡ ಸ್ಪರ್ಧೆಗಳಲ್ಲಿ ಒಂದು ಸೆಕೆಂಡಿನಿಂದಲೇ ಪದಕ ತಪ್ಪಿದ್ದುಂಟು. ಉಳಿದ ಎಲ್ಲವನ್ನೂ ಸರಿ ಮಾಡಿಕೊಂಡವನು ಕೊನೆಗೆ ಕೈ ಹಾಕಬೇಕಾದ ಕೆಲಸ ಇದು.

ಇನ್ನು ಸಮತಟ್ಟು ನೆಲದ ಮಾತಿಗೆ ಬನ್ನಿ. ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ನಗರದ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿಸಿ ದಾಖಲೆ ಬರೆದರು. ಆ ಓಟಕ್ಕಾಗಿ ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕಟ್ಟಿಕೊಟ್ಟ ಸೈಕಲ್ಲಿನ ತೂಕ ಆರು ಕಿಲೋಗೂ ಕಡಿಮೆ. ಗ್ರಾಂ ಗ್ರಾಂ ಉಳಿಸಲು ಚೈನಿನ ಕೊಂಡಿಗಳಿಗೂ ತೂತು ಕೊರೆದಿದ್ದರು. ಆಮೇಲಿನ ವರ್ಷಗಳಲ್ಲಿ ಸೈಕಲ್ಲಿನ ಭಾಗಗಳಿಗೆಲ್ಲ ತೂತು ಕೊರೆಯುವುದೇ ಒಂದು ಗೀಳಾಯಿತು. ಆದರೆ 1984ರ ಜನವರಿಯಲ್ಲಿ ಅದೇ ಮೆಕ್ಸಿಕೊ ನಗರದಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ 51.151 ಕಿಲೋಮೀಟರ್ ಓಡಿಸಿ ಆ ದಾಖಲೆ ಮುರಿದರು. ಅವರ ಸೈಕಲ್ಲು ಮರ್ಕ್ಸ್ ಸೈಕಲ್ಲಿಗಿಂತ ಭಾರವಾಗಿತ್ತು! ಕಡ್ಡಿಗಳ ಬದಲು ತಟ್ಟೆಯ ಹಾಗೆ ಮುಚ್ಚಿದ ಗಾಲಿ, ಮೈ ಬಗ್ಗಿಸಿ ಕೂರುವಂಥ ಹ್ಯಾಂಡಲ್. ಗಾಳಿಯನ್ನು ಸೀಳುವುದರಲ್ಲಿ ಸಿಕ್ಕ ಲಾಭದ ಮುಂದೆ ಹೆಚ್ಚಿದ ತೂಕ ಲೆಕ್ಕಕ್ಕೇ ಬರಲಿಲ್ಲ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಎರಿ ಹೊಲದ ನಡುವಿನ ದಾರಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಸೈಕಲ್ ತುಳಿದವರಿಗೆ ಗೊತ್ತು, ತಡೆಯುವುದು ಗಿಡಮರವಿಲ್ಲದ ಬಯಲಿನಲ್ಲಿ ನುಗ್ಗಿ ಬರುವ ಆ ಗಾಳಿ. ವೇಗ ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದರೆ, ಗಾಳಿ ಬೀಸದ ದಿನವೂ, ನಿಮ್ಮ ಕಾಲಿನ ಶಕ್ತಿಯ ಬಹುಪಾಲು ಎದುರಿನ ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಜಾತ್ರೆಯ ಸೈಕಲ್ ಓಟದಲ್ಲಿ ಗೆಲ್ಲಬೇಕೆನ್ನುವವರು ಬೋಲ್ಟಿಗಿಂತ ಮೊದಲು ಪಟಪಟ ಹಾರುವ ಅಂಗಿ ಬಿಟ್ಟು ಮೈಗಂಟಿದ ಅಂಗಿ ತೊಡಲಿ, ಬಗ್ಗಿ ತುಳಿಯುವುದನ್ನು ರೂಢಿಸಿಕೊಳ್ಳಲಿ. ಇದಕ್ಕೆ ಅಂಥ ಖರ್ಚೂ ಇಲ್ಲ.

ಗಾಲಿಯ ತೂಕ ಎರಡು ಪಟ್ಟು ಎಂಬ ಮಾತೊಂದು ಓಡಾಡುತ್ತಿದೆ. ಅದರಲ್ಲಿ ಅರ್ಧ ನಿಜವಿದೆ. ರಿಮ್ಮು, ಟಯರು ಮುಂದಕ್ಕೂ ಹೋಗುತ್ತವೆ, ತಿರುಗುತ್ತಲೂ ಇರುತ್ತವೆ. ಆದ್ದರಿಂದ ನಿಂತ ಸೈಕಲ್ಲನ್ನು ವೇಗಕ್ಕೆ ತರುವಾಗ ಅಂಚಿನಲ್ಲಿರುವ ಒಂದು ಗ್ರಾಂ ಎರಡು ಗ್ರಾಮಿನಷ್ಟು ಶಕ್ತಿ ಕೇಳುತ್ತದೆ. ವೇಗ ಒಂದೇ ಸಮ ಆದ ಮೇಲೆ ಅದು ಹೆಚ್ಚಿಗೆ ಏನನ್ನೂ ಕೇಳುವುದಿಲ್ಲ. ಹಾಗಾದರೆ ತೆಳು ಟಯರು, ತೆಳು ಟ್ಯೂಬು ಹಾಕೋಣವೇ? ನಮ್ಮ ರಸ್ತೆಯ ಎರಡೂ ಬದಿಗೆ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಆ ಮುಳ್ಳು ಚಪ್ಪಲಿಯನ್ನೇ ದಾಟಿ ಕಾಲಿಗೆ ನೆಡುತ್ತದೆ. ಐವತ್ತು ಗ್ರಾಂ ಉಳಿಸಿದ ಟ್ಯೂಬು ಮಧ್ಯದಾರಿಯಲ್ಲಿ ಪಂಚರ್ ಆದರೆ ಅರ್ಧ ದಿನ ಹೋಯಿತು. ಮಾದನಹಿಪ್ಪರಗಾದ ಸುತ್ತಮುತ್ತ ಸವಾರಿ ಮಾಡುವವರು ಟಯರಿನಲ್ಲಿ ಮಾತ್ರ ತೂಕ ಉಳಿಸಬೇಡಿ.

ಈಗ ಬೋಲ್ಟಿನ ಅಪಾಯದ ಮಾತು. ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಿ.

ಬೋಲ್ಟು ಬರೀ ತಿರುಗಿಸಿ ಕೂಡಿಸುವ ಮೊಳೆ ಎಂದು ನಾವು ಅಂದುಕೊಂಡಿರುತ್ತೇವೆ. ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗಿರುತ್ತದೆ. ಹಿಗ್ಗಿದ ಲೋಹ ಮತ್ತೆ ಕುಗ್ಗಲು ಎಳೆಯುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಬಂಡಿಯ ಮೇಲೆ ಕಣಕಿ ಹೇರಿ ಹಗ್ಗ ಜಗ್ಗಿ ಕಟ್ಟುತ್ತೇವಲ್ಲ, ಹಾಗೆ. ಹಗ್ಗ ಸಡಿಲಾದರೆ ಹೇರು ಜಾರುತ್ತದೆ, ಮಿತಿಮೀರಿ ಜಗ್ಗಿದರೆ ಹಗ್ಗವೇ ಹರಿಯುತ್ತದೆ. ಒಳ್ಳೆಯ ಉಕ್ಕಿನ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಅಥವಾ 12.9 ಎಂದು ಒತ್ತಿರುತ್ತಾರೆ. 8.8 ಅಂದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತವನ್ನು ಅದು ಹರಿಯದೆ ತಾಳುತ್ತದೆ, ಅದರ ನೂರಕ್ಕೆ ಎಂಬತ್ತು ಪಾಲಿನವರೆಗೆ ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ನಿಮ್ಮ ಸೈಕಲ್ಲಿನ 5 ಮಿಲಿಮೀಟರ್ ದಪ್ಪದ ಸಣ್ಣ ಬೋಲ್ಟು 8.8 ದರ್ಜೆಯದಾಗಿದ್ದರೆ ಒಂದು ಟನ್ನಿಗೂ ಹೆಚ್ಚಿನ ಎಳೆತ ತಾಳುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿದವರಿಗೆ ನಂಬಿಕೆಯೇ ಬರುವುದಿಲ್ಲ.

ಒಳ್ಳೆಯ ಟೈಟೇನಿಯಮ್ ಮಿಶ್ರಲೋಹದ ಬೋಲ್ಟು ಶಕ್ತಿಯಲ್ಲಿ 8.8ಕ್ಕೆ ಸಮ ಅಥವಾ ಅದಕ್ಕಿಂತ ತುಸು ಮೇಲೆ. 12.9 ದರ್ಜೆಯ ಉಕ್ಕಿಗೆ ಅದು ಸಾಟಿಯಲ್ಲ. ಅಲ್ಯುಮಿನಿಯಮ್ ಬೋಲ್ಟು ಇನ್ನೂ ಕೆಳಗೆ. ಅದೂ ಅಲ್ಲದೆ ಅಲ್ಯುಮಿನಿಯಮ್ಮಿಗೆ ಇನ್ನೊಂದು ಗುಣವಿದೆ, ಸಣ್ಣ ಸಣ್ಣ ಕುಲುಕಾಟವೂ ಅದನ್ನು ಒಳಗೊಳಗೇ ದಣಿಸುತ್ತದೆ. ಇಂದು ಗಟ್ಟಿ ಕಂಡದ್ದು ಲಕ್ಷ ಕುಲುಕಾಟದ ನಂತರ ಪಟಕ್ಕನೆ ಮುರಿಯಬಹುದು. ಆದ್ದರಿಂದ ನೀರಿನ ಬಾಟಲಿ ಹಿಡಿಯುವ ಬೋಲ್ಟಿಗೆ ಅಲ್ಯುಮಿನಿಯಮ್ ಹಾಕಿ, ಅಡ್ಡಿಯಿಲ್ಲ. ಮುರಿದರೆ ಬಾಟಲಿ ಬೀಳುತ್ತದೆ, ಅಷ್ಟೆ. ಹ್ಯಾಂಡಲ್ ಹಿಡಿದ ಬೋಲ್ಟು, ಬ್ರೇಕಿನ ಬೋಲ್ಟು, ಸೀಟಿನ ಬೋಲ್ಟು, ಈ ಮೂರಕ್ಕೆ ಅಲ್ಯುಮಿನಿಯಮ್ ಬೋಲ್ಟನ್ನು ಮುಟ್ಟಿಸಲೇಬೇಡಿ. ಇಳಿಜಾರಿನಲ್ಲಿ ಹ್ಯಾಂಡಲ್ ಕೈಗೆ ಬಂದರೆ ಉಳಿಸಿದ ಎರಡು ಗ್ರಾಂ ಯಾವ ಲೆಕ್ಕಕ್ಕೆ?

ಹೆಸರಿಲ್ಲದ ಅಗ್ಗದ ‘ಟೈಟೇನಿಯಮ್’ ಬೋಲ್ಟುಗಳನ್ನಂತೂ ಈ ಜಾಗಗಳಿಗೆ ಹಾಕಬೇಡಿ. ಒಳ್ಳೆಯದನ್ನೇ ತಂದಿದ್ದರೂ ಒಣದಾಗಿ ತಿರುಗಿಸಬಾರದು. ಟೈಟೇನಿಯಮ್ ಇನ್ನೊಂದು ಲೋಹಕ್ಕೆ ಉಜ್ಜಿ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಬಿಚ್ಚುವುದಿಲ್ಲ, ತಲೆಯೇ ಕಿತ್ತು ಬರುತ್ತದೆ. ತಾಮ್ರದ ಪುಡಿ ಬೆರೆಸಿದ ಗ್ರೀಸು ಸಿಗುತ್ತದೆ, ಅದನ್ನು ಸವರಿ ಹಾಕಬೇಕು. ಬಿಗಿಯುವ ಅಳತೆ ಹ್ಯಾಂಡಲ್ ಹಿಡಿದ ಭಾಗದ ಮೇಲೆಯೇ ಬರೆದಿರುತ್ತದೆ, ಬಹಳ ಕಡೆ 5 ನ್ಯೂಟನ್ ಮೀಟರ್ ಎಂದು. ಅಳತೆಯ ಪಾನಾ ಇಲ್ಲದವರಿಗೆ ಅಂದಾಜು ಹೇಳುತ್ತೇನೆ: ಹತ್ತು ಸೆಂಟಿಮೀಟರ್ ಉದ್ದದ ಅಲನ್ ಕೀಯ ತುದಿಯನ್ನು ಐದು ಕಿಲೋ ಬಲದಿಂದ ಒತ್ತಿದರೆ ಅಷ್ಟಾಯಿತು. ನಮ್ಮ ಹುಡುಗರು ಮೈಭಾರ ಹಾಕಿ ಬಿಗಿಯುತ್ತಾರೆ, ಅದೇ ಬೋಲ್ಟಿಗೆ ಕುತ್ತು.

ತೂಕ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ಮಾತಿಗೆ ಜಗತ್ತಿನ ಸೈಕಲ್ ಒಕ್ಕೂಟವೇ ಒಂದು ಗೆರೆ ಎಳೆದಿದೆ. 2000ನೇ ಇಸವಿಯಿಂದ ಅದರ ಸ್ಪರ್ಧೆಗಳಲ್ಲಿ 6.8 ಕಿಲೋಗಿಂತ ಕಡಿಮೆ ತೂಕದ ಸೈಕಲ್ ಓಡಿಸುವಂತಿಲ್ಲ. ಮುಂದೆ ಕಾರ್ಬನ್ ಚೌಕಟ್ಟುಗಳು ಎಷ್ಟು ಹಗುರಾದವೆಂದರೆ ಕೆಲವು ತಂಡಗಳು ಆ ಮಿತಿ ಮುಟ್ಟಿಸಲು ಸೈಕಲ್ಲಿಗೆ ಬೇಕೆಂದೇ ತೂಕ ಸೇರಿಸಬೇಕಾಯಿತು.

ಹಳ್ಳಿಯ ಸೈಕಲ್ ಅಂಗಡಿಗಳಲ್ಲಿ ಈ ತಿಳಿವಳಿಕೆ ಬೇರೆ ರೂಪದಲ್ಲಿ ಹಿಂದಿನಿಂದಲೂ ಇದೆ. ನಾನು ಬಲ್ಲ ಹಿರಿಯ ಮಿಸ್ತ್ರಿಯೊಬ್ಬರ ಬಳಿ ಒಬ್ಬ ಹುಡುಗ ಬಂದು, ‘ಕಾಕಾ, ಸೈಕಲ್ ಹಗುರ ಮಾಡಿಕೊಡ್ರಿ’ ಎಂದ. ಅವರು ಪಾನಾ ಮುಟ್ಟಲೇ ಇಲ್ಲ. ಗಾಲಿ ಎತ್ತಿ ತಿರುಗಿಸಿ, ‘ಬೋಲ್ಟ್ ಬದ್ಲಿ ಮಾಡೋದು ಆಮ್ಯಾಲ ತಮ್ಮಾ. ಇಲ್ಲಿ ಕಿವಿ ಕೊಟ್ಟು ಕೇಳು, ಗ್ರೀಸ್ ಒಣಗಿ ಛರ್ರಾ ಕರಕರ ಅನ್ಲಾಕತ್ತಾವ. ಬ್ರೇಕ್ ರಿಮ್ಮಿಗಿ ತಾಗ್ಯಾದ. ಗಾಲ್ಯಾಗ ಗಾಳಿ ಇಲ್ಲ. ಮೊದ್ಲು ಇವು ಮೂರು ಮಾಡಮು’ ಎಂದರು. ಮಾಡಿದರು ಕೂಡ. ಹುಡುಗ ಒಂದು ಸುತ್ತು ಹೋಗಿ ಬಂದು ಸೈಕಲ್ಲೇ ಬೇರೆ ಆಗಿದೆ ಎಂದ. ಒಂದು ಗ್ರಾಮೂ ಕಡಿಮೆಯಾಗಿರಲಿಲ್ಲ.

ಈಗ ನಮ್ಮ ಮನೆಮನೆಯ ಕರಿ ಸೈಕಲ್ಲು. 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ, ಸರಳಿನ ಬ್ರೇಕು, ಪೂರ್ತಿ ಚೈನ್ ಕವರು, ಎರಡು ಕಾಲಿನ ಸ್ಟ್ಯಾಂಡು, ದಪ್ಪ ಕ್ಯಾರಿಯರ್. ಇಂಗ್ಲೆಂಡಿನ ಮಾದರಿಯದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮದ್ರಾಸಿನ ಟಿಐ, ಸೋನಿಪತ್ತಿನ ಅಟ್ಲಾಸ್, ಲುಧಿಯಾನದ ಹೀರೊ ಕಂಪನಿಗಳು ಅದನ್ನು ಊರೂರಿಗೆ ಮುಟ್ಟಿಸಿದವು. ತೂಕ ಇಪ್ಪತ್ತು ಕಿಲೋ ಆಸುಪಾಸು. ಓಟದ ದಿನ ಹುಡುಗರು ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡು, ಚೈನ್ ಕವರು, ಡೈನಮೊ ಬಿಚ್ಚಿಡುವುದು ನಮ್ಮ ಕಡೆ ಹಳೆಯ ಪದ್ಧತಿ. ಬಿಚ್ಚಿದರೆ ನಾಲ್ಕು ಕಿಲೋ ಹತ್ತಿರ ಇಳಿಯುತ್ತದೆ, ಕಾಸಿನ ಖರ್ಚಿಲ್ಲ. ಎಂಬತ್ತು ಸೈಕಲ್ಲಿಗೆ ಟೈಟೇನಿಯಮ್ ಬೋಲ್ಟು ಹಾಕಿದಾಗ ಒಟ್ಟು ಉಳಿಯುವಷ್ಟು ತೂಕ ಅದು.

ಆದರೆ ಆ ಭಾರಕ್ಕೆ ಕಾರಣವಿದೆ, ಅದನ್ನು ನಾವು ಮರೆಯಬಾರದು. ಬ್ಯಾಸಿಗೆಯಲ್ಲಿ ಬೋರು ಬತ್ತಿದಾಗ ನಮ್ಮ ಹಳ್ಳಿಗಳಲ್ಲಿ ನೀರು ಬರುವುದು ಇದೇ ಸೈಕಲ್ಲಿನ ಮೇಲೆ. ಕ್ಯಾರಿಯರಿನ ಎರಡೂ ಬದಿಗೆ ಎರಡೆರಡು ಪ್ಲಾಸ್ಟಿಕ್ ಕೊಡ ಕಟ್ಟಿದರೆ ಅರವತ್ತು ಕಿಲೋ ದಾಟಿತು. ಜೊತೆಗೆ ತುಳಿಯುವವನು, ಕೆಲವೊಮ್ಮೆ ಮುಂದೆ ಒಂದು ಮಗು. ಆ ಹೊರೆಗೆ ನಲವತ್ತು ಕಡ್ಡಿಯ ಹಿಂಗಾಲಿಯೇ ಬೇಕು, ಗಟ್ಟಿ ಸ್ಟ್ಯಾಂಡೇ ಬೇಕು. ಹಾಲಿನ ಕ್ಯಾನು, ತೊಗರಿಯ ಚೀಲ ಹೊರುವ ಸೈಕಲ್ಲಿಗೂ ಇದೇ ಮಾತು. ಅಂಥ ಸೈಕಲ್ಲನ್ನು ಹಗುರ ಮಾಡಿರೆಂದು ನಾನು ಯಾರಿಗೂ ಹೇಳಲಾರೆ.

ಮಳೆಗಾಲದಲ್ಲಿ ಮಾತ್ರ ಆ ಇಪ್ಪತ್ತು ಕಿಲೋ ಹೆಗಲಿಗೇ ಬರುತ್ತದೆ. ಎರಿ ಮಣ್ಣು ಹಸಿಯಾದರೆ ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದೆ ನಿಲ್ಲುತ್ತದೆ. ಕಡ್ಡಿ ಹಿಡಿದು ಮಣ್ಣು ತೆಗೆದರೆ ಹತ್ತು ಹೆಜ್ಜೆಗೆ ಮತ್ತೆ ಅದೇ. ಕೊನೆಗೆ ಸೈಕಲ್ಲನ್ನೇ ಹೊತ್ತು ನಡೆಯುತ್ತಾರೆ, ಮೆತ್ತಿದ ಮಣ್ಣಿನ ಭಾರ ಬೇರೆ. ಹೊಲದ ದಾರಿಗೆ ಓಡಾಡುವವರು ಜೂನ್ ತಿಂಗಳಲ್ಲೇ ಮಡ್‌ಗಾರ್ಡನ್ನು ಬಿಚ್ಚಿಟ್ಟುಬಿಡುವುದು ಜಾಣತನ. ಗಾಲಿಗೂ ಚೌಕಟ್ಟಿಗೂ ನಡುವೆ ಮಣ್ಣು ಸಿಕ್ಕದಷ್ಟು ಜಾಗ ಇರುವ ಸೈಕಲ್ಲು ಈ ನೆಲಕ್ಕೆ ಒಗ್ಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದ್ದು ಶಾಲೆಯ ಮಕ್ಕಳ ಸೈಕಲ್ಲಿನ ವಿಷಯ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಪಕ್ಕದ ಊರಿನ ಹೈಸ್ಕೂಲಿಗೆ ಹೋಗಲಾರದೆ ಏಳನೆಯದಕ್ಕೇ ಓದು ನಿಲ್ಲಿಸುತ್ತಿದ್ದ ಹೆಣ್ಣುಮಕ್ಕಳಿಗೆ ಅದು ದಾರಿ ತೆರೆಯಿತು. ಆ ಯೋಜನೆ ಕೊರೊನಾ ಕಾಲಕ್ಕೆ ನಿಂತಿತು. ಈಗ ತಂದೆತಾಯಿ ತಾವೇ ಕೊಂಡುಕೊಡುತ್ತಾರೆ. ಹದಿಮೂರು ವರ್ಷದ ಹುಡುಗಿ ನಮ್ಮ ಕಡೆ ಮೂವತ್ತಾರು ಕಿಲೋ ತೂಗಿದರೆ ಹೆಚ್ಚು. ಅವಳ ಸೈಕಲ್ಲು ಸುಮಾರು ಹದಿನೆಂಟು ಕಿಲೋ. ತನ್ನ ಮೈತೂಕದ ಅರ್ಧದಷ್ಟನ್ನು ಅವಳು ದಿನಾ ಏರಿಗೆ ತುಳಿಯುತ್ತಾಳೆ, ಶಾಲೆಯ ಮೆಟ್ಟಿಲಿಗೆ ಎತ್ತಿಡುತ್ತಾಳೆ, ಹಳ್ಳ ಬಂದರೆ ದಾಟಿಸುತ್ತಾಳೆ. ಜಗತ್ತಿನ ದೊಡ್ಡ ಸ್ಪರ್ಧೆಯ ಸವಾರ ಅರವತ್ತನಾಲ್ಕು ಕಿಲೋ ಇದ್ದರೆ ಅವನ ಸೈಕಲ್ಲು ಅವನ ತೂಕದ ಒಂಬತ್ತರಲ್ಲಿ ಒಂದು ಪಾಲೂ ಇಲ್ಲ. ಹಗುರವಾದ ಸೈಕಲ್ಲು ಹೆಚ್ಚು ಬೇಕಾಗಿರುವುದು ಈ ಹುಡುಗಿಗೆ.

ಅವಳ ಸೈಕಲ್ಲಿನಲ್ಲಿ ನಾಲ್ಕು ಕಿಲೋ ಇಳಿಸಿದರೆ ಏರಿನಲ್ಲಿ ನೂರಕ್ಕೆ ಏಳು ಪಾಲು ಶ್ರಮ ಉಳಿಯುತ್ತದೆ. ಟೈಟೇನಿಯಮ್ ಬೋಲ್ಟು ಆ ರೇಸ್ ಸವಾರನಿಗೆ ಉಳಿಸಿದ್ದಕ್ಕಿಂತ ಇದು ನೂರು ಪಟ್ಟು. ಇದಕ್ಕೆ ಯಾವ ದುಬಾರಿ ಲೋಹವೂ ಬೇಡ. ಉಕ್ಕಿನ ರಿಮ್ಮಿನ ಬದಲು ಅಲ್ಯುಮಿನಿಯಮ್ ರಿಮ್ಮು ಹಾಕಿಸಿದರೆ ಎರಡು ಗಾಲಿಯಲ್ಲಿ ಒಂದು ಕಿಲೋ ಹತ್ತಿರ ಇಳಿಯುತ್ತದೆ. ಮಳೆಯಲ್ಲಿ ಬ್ರೇಕು ಕೂಡ ಚೆನ್ನಾಗಿ ಹಿಡಿಯುತ್ತದೆ, ನಿಕಲ್ ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಜಾರುತ್ತದೆ. ಹ್ಯಾಂಡಲ್ಲು, ಸೀಟಿನ ಕಂಬ, ಪೆಡಲಿನ ತೋಳುಗಳು ಅಲ್ಯುಮಿನಿಯಮ್ಮಿನವು ಪೇಟೆಯಲ್ಲಿ ಸಿಗುತ್ತವೆ. ಎರಡು ಕಾಲಿನ ಸ್ಟ್ಯಾಂಡಿನ ಜಾಗಕ್ಕೆ ಒಂದು ಕಾಲಿನದು ಸಾಕು. ಚೌಕಟ್ಟಿನ ಕೊಳವೆಯಲ್ಲೂ ದಾರಿಯಿದೆ. ಇಂಗ್ಲೆಂಡಿನಲ್ಲಿ ಮೊಳೆ ಮಾಡುತ್ತಿದ್ದ ರೆನಾಲ್ಡ್ಸ್ ಮನೆತನದವರು 1897ರಲ್ಲೇ, ಬೆಸುಗೆ ಬೀಳುವ ತುದಿಯಲ್ಲಿ ದಪ್ಪ, ನಡುವೆ ತೆಳು ಇರುವ ಉಕ್ಕಿನ ಕೊಳವೆಗೆ ಹಕ್ಕುಪತ್ರ ಪಡೆದಿದ್ದರು. ಅಷ್ಟು ಹಳೆಯ ವಿದ್ಯೆ ನಮ್ಮ ಶಾಲೆಯ ಮಕ್ಕಳ ಸೈಕಲ್ಲಿಗೆ ಇನ್ನೂ ಬಾರದಿರುವುದು ನನಗೆ ನೋವಿನ ಸಂಗತಿ. ಸರ್ಕಾರ ಆ ಯೋಜನೆಯನ್ನು ಮತ್ತೆ ಶುರು ಮಾಡುವುದಾದರೆ ಟೆಂಡರಿನಲ್ಲಿ ಬೆಲೆಯ ಜೊತೆ ತೂಕದ ಮಿತಿಯನ್ನೂ ಬರೆಯಲಿ.

ಇಳಿಸಬಾರದ್ದೂ ಇದೆ. ಚೈನ್ ಕವರು ಇರಲಿ, ಇಲ್ಲದಿದ್ದರೆ ಚೂಡಿದಾರದ ಕಾಲು, ದುಪ್ಪಟ್ಟಾ ಚೈನಿಗೆ ಸಿಕ್ಕುತ್ತವೆ. ಗಂಟೆ ಇರಲಿ, ಹಿಂದಿನ ಕೆಂಪು ಹೊಳಪು ಬಿಲ್ಲೆ ಇರಲಿ, ಪಾಟೀಚೀಲ ಇಡಲು ಸಣ್ಣ ಕ್ಯಾರಿಯರ್ ಇರಲಿ.

ಬರುವ ಜೂನ್‌ನಲ್ಲಿ ಮಗಳಿಗೆ ಸೈಕಲ್ ಕೊಡಿಸಲು ಆಳಂದಕ್ಕೋ ಕಲಬುರಗಿಗೋ ಹೋಗುವವರು ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯ ಮೆಟ್ಟಿಲಿನ ಮೇಲೆ ಅವಳಿಂದಲೇ ಸೈಕಲ್ ಎತ್ತಿಸಿ ನೋಡಿ. ತೂಕ ಎಷ್ಟು ಎಂದು ಅಂಗಡಿಯವರನ್ನು ಕೇಳಿ, ಗೊತ್ತಿಲ್ಲ ಎಂದರೆ ತಕ್ಕಡಿಗೆ ಹಾಕಿಸಿ. ಕೇಳುವವರು ಹೆಚ್ಚಾದರೆ ಹಗುರ ಸೈಕಲ್ಲು ತರಿಸಿಡುವ ಅಂಗಡಿಗಳೂ ಹೆಚ್ಚಾಗುತ್ತವೆ. ರಿಮ್ಮಿಗೆ ಒಂದು ಸಣ್ಣ ಸೂಜಿಗಲ್ಲು ಮುಟ್ಟಿಸಿ, ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯುಮಿನಿಯಮ್.